ಬಟ್ಟೆ ಒಣಗಿಸುವ ಯಂತ್ರ ಬಿಸಿಯಾಗದಿದ್ದರೆ

ರಾಯಚೂರಿನ ಬೇಸಗೆಯಲ್ಲಿ ಬಟ್ಟೆ ಒಣಗಿಸಲು ಯಂತ್ರ ಬೇಕೆಂದರೆ ಕೇಳಿದವರು ನಕ್ಕಾರು. ಮಾಳಿಗೆಯ ಮೇಲೆ ಹರವಿದ ಧೋತರ ನೋಡನೋಡುತ್ತಿರುವಂತೆ ಗರಿಗರಿಯಾಗುವ ಊರಿದು. ಆದರೂ ಮೋಡ ಕವಿದ ಶ್ರಾವಣದ ದಿನಗಳಲ್ಲಿ, ಎಳೆಗೂಸಿರುವ ಮನೆಗಳಲ್ಲಿ, ಬಿಸಿಲು ಕಾಣದ ಮಹಡಿಮನೆಗಳಲ್ಲಿ ಈ ಯಂತ್ರಕ್ಕೆ ಕೆಲಸವುಂಟು. ಒಂದು ದಿನ ಅದರ ಉರುಳೆ ಎಂದಿನಂತೆ ತಿರುಗುತ್ತದೆ, ಗಾಳಿಯೂ ಬೀಸುತ್ತದೆ. ಬಟ್ಟೆ ಮಾತ್ರ ಒದ್ದೆಯಾಗಿಯೇ ಉಳಿಯುತ್ತದೆ. ಇದಕ್ಕೆ ಕಾರಣವೇನೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ಯಂತ್ರ ಯಾವುದೆಂದು ನಿರ್ಧರಿಸಬೇಕು. ನಮ್ಮಲ್ಲಿ ಡ್ರೈಯರ್ ಎಂಬ ಒಂದೇ ಹೆಸರು ಎರಡು ಸಾಧನಗಳಿಗೆ ಸಲ್ಲುತ್ತಿದೆ. ಎರಡು ತೊಟ್ಟಿಗಳ ವಾಷಿಂಗ್ ಮಷೀನಿನಲ್ಲಿ ಡ್ರೈಯರ್ ಎನಿಸಿಕೊಳ್ಳುವ ತೊಟ್ಟಿಯು ಬಟ್ಟೆಯನ್ನು ವೇಗವಾಗಿ ಸುತ್ತಿಸಿ, ನೀರನ್ನು ರಂಧ್ರಗಳ ಮೂಲಕ ಹೊರಕ್ಕೆ ಚಿಮ್ಮಿಸುತ್ತದೆ, ಅಷ್ಟೇ. ಅದರಲ್ಲಿ ಹೀಟರೇ ಇಲ್ಲವಾದುದರಿಂದ ಬಿಸಿಯಾಗಲಿಲ್ಲವೆಂದು ದೂರುವುದು ವ್ಯರ್ಥ. ಬಿಸಿಗಾಳಿಯಿಂದ ಒಣಗಿಸುವ ಯಂತ್ರವೇ ಬೇರೆ. ಅದರ ಮಾತನ್ನೇ ನಾವೀಗ ಆಡುತ್ತಿರುವುದು.

ಬಟ್ಟೆ ಒಣಗುವುದೆಂದರೆ ನೂಲಿನ ಎಳೆಗಳ ನಡುವೆ ಸಿಕ್ಕಿಕೊಂಡ ನೀರು ಆವಿಯಾಗಿ ಗಾಳಿಯನ್ನು ಸೇರುವುದು. ಒಂದು ಕಿಲೋಗ್ರಾಂ ನೀರು ಹೀಗೆ ಆವಿಯಾಗಲು ಸುಮಾರು ೨,೪೦೦ ಕಿಲೋಜೂಲ್ ಉಷ್ಣ ಬೇಕು. ಹಿಂಡಿದ ಮೇಲೂ ಬಟ್ಟೆಗಳಲ್ಲಿ ೨ ಕಿಲೋಗ್ರಾಂ ನೀರು ಉಳಿದಿದೆಯೆಂದು ಭಾವಿಸೋಣ. ೨,೦೦೦ ವಾಟಿನ ಹೀಟರು ಸೆಕೆಂಡಿಗೆ ೨ ಕಿಲೋಜೂಲ್ ಉಷ್ಣವನ್ನು ಕೊಡುತ್ತದೆ. ಅದರಲ್ಲಿ ಒಂದಿಷ್ಟೂ ಪೋಲಾಗದಿದ್ದರೂ ೪೦ ನಿಮಿಷಗಳು ಹಿಡಿಯುತ್ತವೆ. ಹೀಟರು ನಿಂತುಹೋದರೆ ಈ ಉಷ್ಣವೆಲ್ಲವೂ ಕೋಣೆಯ ಗಾಳಿಯಿಂದಲೇ ಬರಬೇಕು. ತೇವದ ದಿನದಲ್ಲಿ ಅದು ಗಂಟೆಗಟ್ಟಲೆಯ ಕೆಲಸ.

ಸಾಮಾನ್ಯ ಯಂತ್ರಗಳಲ್ಲಿ ಹೀಟರು ನಿಕ್ರೋಮ್ ತಂತಿಯ ಸುರುಳಿಯಾಗಿರುತ್ತದೆ. ನಿಕ್ಕಲ್ ಮತ್ತು ಕ್ರೋಮಿಯಂ ಲೋಹಗಳ ಈ ಮಿಶ್ರಣವನ್ನು ಅಮೆರಿಕದ ಆಲ್ಬರ್ಟ್ ಮಾರ್ಷ್ ರೂಪಿಸಿ ೧೯೦೬ರಲ್ಲಿ ಹಕ್ಕುಪತ್ರ ಪಡೆದನು. ಕಾದಾಗ ಇದರ ಮೈಮೇಲೆ ಕವಿಯುವ ಆಕ್ಸೈಡಿನ ತೆಳು ಪದರವೇ ಒಳಗಿನ ಲೋಹವನ್ನು ಕಾಪಾಡುತ್ತದೆ. ತಂತಿಗೆ ಹೋಗುವ ವಿದ್ಯುತ್ತು ಇನ್ನೆರಡು ಕಾವಲುಗಾರರನ್ನು ದಾಟಿಯೇ ಹೋಗಬೇಕು. ಮೊದಲನೆಯದು ಥರ್ಮೋಸ್ಟಾಟ್. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಬಿಲ್ಲೆಯೊಂದು ಅದರೊಳಗಿದೆ. ಕಾವು ಏರಿದಾಗ ಅದು ಬಾಗಿ ಪ್ರವಾಹವನ್ನು ತಡೆಯುತ್ತದೆ, ಆರಿದಾಗ ಮತ್ತೆ ಕೂಡಿಸುತ್ತದೆ. ಎರಡನೆಯದು ಉಷ್ಣ ಫ್ಯೂಸ್. ಕಾವು ಮಿತಿಮೀರಿದರೆ ಅದು ಒಮ್ಮೆಗೇ ಕಡಿದುಹೋಗುತ್ತದೆ, ಮತ್ತೆ ಕೂಡುವುದಿಲ್ಲ. ಈ ಮೂರರಲ್ಲಿ ಯಾವುದೊಂದು ಕಡಿದರೂ ಉಷ್ಣವಿಲ್ಲ. ಅನೇಕ ಯಂತ್ರಗಳಲ್ಲಿ ಮೋಟಾರಿಗೆ ಪ್ರತ್ಯೇಕ ದಾರಿಯಿರುವುದರಿಂದ ಉರುಳೆ ಮಾತ್ರ ತಿರುಗುತ್ತಲೇ ಇರುತ್ತದೆ.

ಫ್ಯೂಸು ಕಡಿದಿದೆಯೆಂದು ಕಂಡೊಡನೆ ಹೊಸದನ್ನು ಹಾಕಿ ಕೈತೊಳೆದುಕೊಳ್ಳುವುದು ವಾಡಿಕೆ. ಆದರೆ ಅದು ಕಡಿದದ್ದೇಕೆ? ಹೀಟರಿನ ಉಷ್ಣವನ್ನು ಹೊತ್ತೊಯ್ಯುವುದು ಗಾಳಿ. ಗಾಳಿಯ ದಾರಿ ಕಟ್ಟಿದರೆ ಉಷ್ಣವು ಅಲ್ಲಿಯೇ ನಿಂತು ಕಾವು ಏರುತ್ತದೆ. ದಾರಿ ಕಟ್ಟುವುದು ಯಾವುದು? ಬಟ್ಟೆಯಿಂದಲೇ ಉದುರುವ ನವಿರಾದ ಎಳೆಗಳು. ರಾಯಚೂರಿನ ಹತ್ತಿ ಗಿರಣಿಗಳನ್ನು ಬಲ್ಲವರಿಗೆ ಒಣ ಅರಳೆಯು ಎಷ್ಟು ಬೇಗ ಬೆಂಕಿಯನ್ನು ಹಿಡಿಯುವುದೆಂದು ಹೇಳಬೇಕಾಗಿಲ್ಲ. ಯಂತ್ರದ ಜಾಲರಿಯಲ್ಲಿ ಕೂಡುವುದೂ ಅಂಥದೇ ವಸ್ತು. ಅಮೆರಿಕದ ಮನೆಗಳಲ್ಲಿ ೨೦೦೮ರಿಂದ ೨೦೧೦ರವರೆಗೆ ವರ್ಷಕ್ಕೆ ಸುಮಾರು ೨,೯೦೦ ಬೆಂಕಿ ಅನಾಹುತಗಳು ಈ ಯಂತ್ರಗಳಿಂದ ಸಂಭವಿಸಿದುವೆಂದು ಅಲ್ಲಿನ ಅಗ್ನಿಶಾಮಕ ಆಡಳಿತವು ಅಂದಾಜು ಮಾಡಿದೆ. ಶುಚಿ ಮಾಡದಿರುವುದೇ ಅವುಗಳಿಗೆ ಮುಖ್ಯ ಕಾರಣ. ಹೀಗಿರುವಲ್ಲಿ ಕಡಿದ ಫ್ಯೂಸಿನ ಎರಡು ತುದಿಗಳನ್ನು ತಂತಿಯ ತುಂಡಿನಿಂದ ಜೋಡಿಸಿ ಯಂತ್ರವನ್ನು ನಡೆಸುವುದು ಕಾವಲುಗಾರನನ್ನು ಓಡಿಸಿ ಕಳ್ಳನಿಗೆ ಬಾಗಿಲು ತೆರೆದಂತೆ. ಕಡಿದ ಫ್ಯೂಸು ಕೆಟ್ಟ ಫ್ಯೂಸಲ್ಲ. ತನ್ನ ಕರ್ತವ್ಯವನ್ನು ಮಾಡಿದ ಫ್ಯೂಸು.

ಆದುದರಿಂದ ಪರೀಕ್ಷೆಯ ಕ್ರಮ ಹೀಗಿರಲಿ. ತಣ್ಣನೆಯ ಗಾಳಿಯ ಗುಂಡಿ ಒತ್ತಿಲ್ಲವಷ್ಟೆ ಎಂಬುದನ್ನು ಮೊದಲು ನೋಡಿರಿ. ಬಳಿಕ ಪ್ಲಗ್ಗನ್ನು ಕಿತ್ತು, ಯಂತ್ರ ಆರಿದ ಮೇಲೆ ಜಾಲರಿಯನ್ನೂ ಗಾಳಿ ಹೊರಹೋಗುವ ಕೊಳವೆಯನ್ನೂ ಶುಚಿ ಮಾಡಿರಿ. ಆಮೇಲೆ ಹೀಟರಿನ ಒಂದು ತಂತಿಯನ್ನು ಬಿಡಿಸಿ, ಮಲ್ಟಿಮೀಟರಿನಿಂದ ಅದರ ರೋಧವನ್ನು ಅಳೆಯಬಹುದು. ೨೩೦ ವೋಲ್ಟಿನಲ್ಲಿ ೨,೦೦೦ ವಾಟ್ ಕೊಡುವ ತಂತಿಯ ರೋಧ ಸುಮಾರು ೨೬ ಓಮ್. ಮುಳ್ಳು ಅಲುಗದೆ ಅನಂತವನ್ನು ತೋರಿದರೆ ತಂತಿ ಕಡಿದಿದೆ. ಸುಸ್ಥಿತಿಯ ಫ್ಯೂಸಿನ ರೋಧ ಸೊನ್ನೆಗೆ ಹತ್ತಿರ. ತಂತಿಗೂ ಯಂತ್ರದ ಲೋಹದ ಮೈಗೂ ನಡುವೆ ಮಾತ್ರ ಯಾವ ಸಂಪರ್ಕವೂ ಇರಕೂಡದು. ಇದ್ದರೆ ಮುಟ್ಟಿದವರಿಗೆ ಪ್ರಾಣಾಪಾಯ. ಹೊಸ ಫ್ಯೂಸಿನ ಮೇಲೆ ಬರೆದ ಉಷ್ಣತೆಯೂ ಆಂಪಿಯರೂ ಹಳೆಯದರಷ್ಟೇ ಇರಬೇಕು. ಜಾಲರಿ ಶುಚಿಯಾಗಿದ್ದೂ ಫ್ಯೂಸು ಮತ್ತೆ ಕಡಿದರೆ, ಅಂಟಿಕೊಂಡು ತೆರೆಯಲಾರದ ಥರ್ಮೋಸ್ಟಾಟನ್ನು ಸಂಶಯಿಸಬೇಕು. ಈ ಅಳತೆಗಳ ಅಭ್ಯಾಸವಿಲ್ಲದವರು ಬಲ್ಲ ಎಲೆಕ್ಟ್ರಿಷಿಯನ್ನನನ್ನು ಕರೆಯುವುದೇ ಲೇಸು.

ಎಲ್ಲವೂ ಸರಿಯಿದ್ದರೂ ಬಿಸಿ ಸಾಲದಿರಬಹುದು. ಮಾನ್ವಿಯಲ್ಲಿಯೋ ದೇವದುರ್ಗದಲ್ಲಿಯೋ ವಿದ್ಯುತ್ ಸಾಲಿನ ಕೊನೆಯ ಮನೆಗೆ ೨೩೦ರ ಬದಲು ೧೮೦ ವೋಲ್ಟು ಮಾತ್ರ ತಲುಪಿತೆನ್ನೋಣ. ಉಷ್ಣವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾದುದರಿಂದ ೨,೦೦೦ ವಾಟಿನ ಹೀಟರು ಆಗ ಸುಮಾರು ೧,೨೦೦ ವಾಟಿಗೆ ಇಳಿಯುತ್ತದೆ. ಇಲ್ಲಿ ರಿಪೇರಿ ಬೇಕಾದುದು ಯಂತ್ರಕ್ಕಲ್ಲ. ಪರೀಕ್ಷೆಗೆ ಮೊದಲೇ ಬಿಡಿಭಾಗಕ್ಕೆ ಹಣ ಸುರಿದರೆ ಹಣವೂ ಹೋಗುತ್ತದೆ, ದೋಷವೂ ಉಳಿಯುತ್ತದೆ.

ಆರಿದ ಯಂತ್ರಕ್ಕೆ ಉಷ್ಣವನ್ನು ಮರಳಿ ತರುವುದು ಕಷ್ಟವಲ್ಲ. ಅದಕ್ಕೆ ಮೊದಲು ಗಾಳಿಗೆ ದಾರಿ ಮಾಡಿಕೊಡಬೇಕು. ಪ್ರತಿ ಸಲ ಬಟ್ಟೆ ತೆಗೆದ ಮೇಲೆ ಜಾಲರಿಯನ್ನು ಒಮ್ಮೆ ಕೈಯಿಂದ ಸವರಿ ಶುಚಿ ಮಾಡುವ ಮನೆಯಲ್ಲಿ ಈ ರಿಪೇರಿಯ ಪ್ರಸಂಗವೇ ಬರುವುದು ವಿರಳ. ಬಂದರೂ ಚಿಂತೆಯಿಲ್ಲ, ಬಿಡಿಭಾಗ ಬರುವ ತನಕ ನಮ್ಮ ಮಾಳಿಗೆಯ ಬಿಸಿಲು ಇದ್ದೇ ಇದೆ.