ನಿಮಗಿದು ಗೊತ್ತೇ? ಅಲೆಗಾಗಿ ಕಾದವನ ಸಿನಿಮಾ

ಫ್ರಾನ್ಸಿನಲ್ಲಿ 44 ಲಕ್ಷ ಟಿಕೆಟ್ ಮಾರಾಟವಾದ ಸರ್ಫಿಂಗ್ ಸಿನಿಮಾವೊಂದಿದೆ. ಅದರ ನಾಯಕ ಸರ್ಫಿಂಗ್‌ಗೆ ಬೇಕಾದಂಥ ಅಲೆಯೇ ಏಳದ ಕಡಲಲ್ಲಿ ಹಲಗೆಯ ಮೇಲೆ ಕೂತು ದಿನ ಕಳೆಯುತ್ತಾನೆ! 2005ರ ಏಪ್ರಿಲ್‌ನಲ್ಲಿ ತೆರೆಕಂಡ ಆ ಚಿತ್ರ ‘ಬ್ರೀಸ್ ದ ನೀಸ್’. ನಿರ್ದೇಶಕ ಜೇಮ್ಸ್ ಹ್ಯೂತ್, ನಾಯಕ ಜಾಂ ದ್ಯುಜಾರ್ದಾಂ.

ಬ್ರೀಸ್‌ಗೆ ಇನ್ನೇನು ಮೂವತ್ತು ತುಂಬಬೇಕು. ಉದ್ಯೋಗವಿಲ್ಲ, ಬೇಕೆಂದು ಅನಿಸಿದ್ದೂ ಇಲ್ಲ. ಹೊಂಬಣ್ಣದ ಉದ್ದ ಕೂದಲು, ತನ್ನದೇ ಹೆಸರು ಬರೆದ ಹಳದಿ ಟೀ ಶರ್ಟ್, ಖರ್ಚಿಗೆ ಅಪ್ಪನ ದುಡ್ಡು. ಆ ಅಪ್ಪ ಪೊಲೀಸರ ಕೈಗೆ ಸಿಕ್ಕಿಬಿದ್ದ ದಿನ ಹುಡುಗನ ಆಟವೆಲ್ಲ ನಿಲ್ಲುತ್ತದೆ. ಆಗ ಕೈಹಿಡಿಯುವವನು ಮಾರಿಯಸ್ ಎಂಬ ಗೆಳೆಯ. ಈ ಪಾತ್ರದಲ್ಲಿ ಕ್ಲೋವಿಸ್ ಕೊರ್ನಿಯಾಕ್ ಎಷ್ಟು ಮುಗ್ಧವಾಗಿ ನಟಿಸಿದ್ದಾರೆಂದರೆ, ನನ್ನ ಮಟ್ಟಿಗೆ ಚಿತ್ರದ ಜೀವ ಇರುವುದೇ ಅಲ್ಲಿ.

ಎದುರಿನವರ ಬಾಯಿ ಮುಚ್ಚಿಸುವ ಚುರುಕು ಮಾತು, ಜೊತೆಗೊಂದು ಕೈಸನ್ನೆ: ಇವು ಬ್ರೀಸ್‌ನ ಆಯುಧಗಳು. 2005ರಲ್ಲಿ ಫ್ರಾನ್ಸಿನ ಶಾಲೆಗಳ ಅಂಗಳದ ತುಂಬ ಮಕ್ಕಳು ಅವನ್ನೇ ಅನುಕರಿಸುತ್ತಿದ್ದರು.

ಬ್ರೀಸ್‌ನ ಆರಾಧ್ಯದೈವ ಯಾರು ಗೊತ್ತೇ? 1991ರ ಹಾಲಿವುಡ್ ಚಿತ್ರ ‘ಪಾಯಿಂಟ್ ಬ್ರೇಕ್’ನಲ್ಲಿ ಪ್ಯಾಟ್ರಿಕ್ ಸ್ವೇಜಿ ಮಾಡಿದ ಬೋಧಿ ಎಂಬ ಸರ್ಫರ್. ಅಮೆರಿಕದ ಮಾಜಿ ಅಧ್ಯಕ್ಷರ ಮುಖವಾಡ ತೊಟ್ಟು ಬ್ಯಾಂಕ್ ದೋಚುವ ತಂಡ ಅವನದು. ಕೊನೆಗೆ ಅವನು ಮಹಾ ಅಲೆಯನ್ನು ಹುಡುಕಿಕೊಂಡು ಆಸ್ಟ್ರೇಲಿಯಾದ ಬೆಲ್ಸ್ ಬೀಚ್‌ಗೆ ಹೋಗುತ್ತಾನೆ. ತೆರೆಯ ಮೇಲೆ ಕಾಣುವ ಆ ಕಡಲತೀರ ಮಾತ್ರ ಅಮೆರಿಕದ ಒರೆಗಾನ್ ರಾಜ್ಯದ್ದು! ‘ಪಾಯಿಂಟ್ ಬ್ರೇಕ್’ ನಿರ್ದೇಶಿಸಿದ ಕ್ಯಾಥರಿನ್ ಬಿಗೆಲೊ 2010ರಲ್ಲಿ ‘ದ ಹರ್ಟ್ ಲಾಕರ್’ ಚಿತ್ರಕ್ಕಾಗಿ ಅತ್ಯುತ್ತಮ ನಿರ್ದೇಶಕರ ಆಸ್ಕರ್ ಪಡೆದ ಮೊದಲ ಮಹಿಳೆಯಾದರು.

ಬ್ರೀಸ್‌ನ ಊರಾದ, ಮೆಡಿಟರೇನಿಯನ್ ದಡದ ನೀಸ್‌ನಲ್ಲಿ ಸಾಮಾನ್ಯವಾಗಿ ದೊಡ್ಡ ಅಲೆ ಏಕೆ ಬರುವುದಿಲ್ಲ? ಅಲೆಯ ಎತ್ತರವನ್ನು ತೀರ್ಮಾನಿಸುವುದು ಗಾಳಿಯ ವೇಗ, ಅದು ಬೀಸುವ ಅವಧಿ ಮತ್ತು ಅದಕ್ಕೆ ತೆರೆದಿರುವ ನೀರಿನ ಉದ್ದ. ಅಟ್ಲಾಂಟಿಕ್‌ನಲ್ಲಿ ಸಾವಿರಾರು ಕಿಲೋಮೀಟರ್ ಆಚೆ ಎದ್ದ ಬಿರುಗಾಳಿಯ ಅಲೆಗಳು ದಾರಿಯುದ್ದಕ್ಕೂ ಸಾಲುಗೂಡಿ ದಡಕ್ಕೆ ಬರುತ್ತವೆ. ಸುತ್ತಲೂ ನೆಲವಿರುವ ಮೆಡಿಟರೇನಿಯನ್‌ನಲ್ಲಿ ಅಷ್ಟು ಓಟಕ್ಕೆ ಜಾಗವಿಲ್ಲ.

ಹಾಗಾದರೆ ಬ್ರೀಸ್ ಕಾಯುವುದು ಬರೀ ಹುಚ್ಚೇ? ಅಲ್ಲ. 1979ರ ಅಕ್ಟೋಬರ್ 16ರಂದು ನೀಸ್‌ಗೆ ನಿಜವಾಗಿಯೂ ದೊಡ್ಡ ಅಲೆ ಬಂದಿತ್ತು. ವಿಮಾನ ನಿಲ್ದಾಣದ ಪಕ್ಕದಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ ಹೊಸ ಬಂದರು ಕಟ್ಟುತ್ತಿದ್ದರು. ಅದರ ಒಂದು ಭಾಗ ಹಠಾತ್ತನೆ ಕುಸಿದು ಕಡಲೊಳಕ್ಕೆ ಜಾರಿತು. ನೀರು ಮೊದಲು ಹಿಂದೆ ಸರಿದು, ಆಮೇಲೆ ದಡಕ್ಕೆ ನುಗ್ಗಿತು. ಅಲ್ಲಿ ಕೆಲಸ ಮಾಡುತ್ತಿದ್ದ ಕಾರ್ಮಿಕರು ಪ್ರಾಣ ಕಳೆದುಕೊಂಡರು, ಹತ್ತಿರದ ಆಂಟೀಬ್‌ನಲ್ಲೂ ಸಾವು ಸಂಭವಿಸಿತು. ಚಿತ್ರ ಈ ಅಲೆಯನ್ನೇ ನೆನೆಯುತ್ತದೆ. ಇದನ್ನು ತಿಳಿದ ಮೇಲೆ ಆ ನಗುವಿನ ದೃಶ್ಯಗಳು ನನಗೆ ಬೇರೆಯಾಗಿಯೇ ಕಾಣತೊಡಗಿದವು.

ಫ್ರಾನ್ಸಿಗೆ ಸರ್ಫಿಂಗ್ ತಂದುಕೊಟ್ಟದ್ದೂ ಒಂದು ಸಿನಿಮಾ! ಹೆಮಿಂಗ್ವೇ ಅವರ ‘ದ ಸನ್ ಆಲ್ಸೊ ರೈಸಸ್’ ಕಾದಂಬರಿಯ ಚಿತ್ರೀಕರಣದ ಹೊತ್ತಿಗೆ, 1957ರಲ್ಲಿ, ಚಿತ್ರಕಥೆಗಾರ ಪೀಟರ್ ವಿಯರ್ಟೆಲ್ ಫ್ರಾನ್ಸಿನ ಅಟ್ಲಾಂಟಿಕ್ ದಡದ ಬಿಯಾರಿಟ್ಜ್‌ನಲ್ಲಿದ್ದರು. ಅಲ್ಲಿನ ಅಲೆಗಳನ್ನು ಕಂಡು ಕ್ಯಾಲಿಫೋರ್ನಿಯಾದಿಂದ ಹಲಗೆ ತರಿಸಿಕೊಂಡರು.

ಬ್ರೀಸ್ ಸ್ಪರ್ಧೆಗೆಂದು ಹೋಗುವ ಒಸ್ಸೆಗೋರ್ ಕಟ್ಟುಕಥೆಯ ಊರಲ್ಲ. ಅಟ್ಲಾಂಟಿಕ್ ದಡದ ಈ ಊರಿನ ಪಕ್ಕದಲ್ಲೇ, ಕಾಪ್‌ಬ್ರೆಟನ್ ಎದುರಿನ ಕಡಲೊಳಗೆ, ಆಳವಾದ ಕಮರಿಯೊಂದಿದೆ. ಕಡಲತಳ ಅಷ್ಟು ಆಳವಿರುವುದರಿಂದ ಅಲೆಗಳ ಬಲ ದಾರಿಯಲ್ಲಿ ಕುಂದುವುದಿಲ್ಲ. ದಡದ ಹತ್ತಿರ ಬಂದಾಗ ಮರಳುದಿಬ್ಬಕ್ಕೆ ಬಡಿದು ಕೊಳವೆಯಂತೆ ಸುರುಳಿ ಸುತ್ತುತ್ತವೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸರ್ಫಿಂಗ್ ನಡೆದದ್ದು ಒಸ್ಸೆಗೋರ್‌ನಲ್ಲೂ ಅಲ್ಲ, ಪ್ಯಾರಿಸ್‌ನಿಂದ 15,000 ಕಿ.ಮೀ.ಗೂ ಹೆಚ್ಚು ದೂರದಲ್ಲಿರುವ, ಫ್ರಾನ್ಸಿಗೆ ಸೇರಿದ ತಾಹಿತಿ ದ್ವೀಪದಲ್ಲಿ. ಪುರುಷರ ಚಿನ್ನ ತಾಹಿತಿಯವರೇ ಆದ ಕೌಲಿ ವಾಸ್ಟ್ ಅವರಿಗೆ, ಅಂದರೆ ಫ್ರಾನ್ಸಿಗೇ ಬಂತು.

ತೆರೆಯ ಮೇಲೆ ಬ್ರೀಸ್‌ನ ಎದುರಾಳಿ ಇಗೋರ್. ಆ ಪಾತ್ರದ ಬ್ರೂನೋ ಸಾಲೊಮೋನ್ ನಿಜಜೀವನದಲ್ಲಿ ದ್ಯುಜಾರ್ದಾಂ ಅವರ ಹಳೆಯ ಒಡನಾಡಿ. 1990ರ ದಶಕದಲ್ಲಿ ಇಬ್ಬರೂ ‘ನೂ ಸೆ ನೂ’ ಎಂಬ ಹಾಸ್ಯ ತಂಡದಲ್ಲಿ ಒಟ್ಟಿಗೆ ಆಡುತ್ತಿದ್ದರು. ಬ್ರೀಸ್ ಹುಟ್ಟಿದ್ದು ಆ ದಿನಗಳ ರಂಗದ ಮೇಲೆ. ಗೆಳೆಯರ ನಡುವೆ ಬೆಳೆದ ಪಾತ್ರವಾದ್ದರಿಂದಲೇ ಇರಬೇಕು, ಇಡೀ ಚಿತ್ರದಲ್ಲಿ ಯಾರ ಮೇಲೂ ಕಹಿಯಿಲ್ಲ.

ಮಾತಿನ ಮಲ್ಲನಾಗಿ ಗೆದ್ದ ಅದೇ ದ್ಯುಜಾರ್ದಾಂ 2012ರಲ್ಲಿ ಆಸ್ಕರ್ ಪಡೆದದ್ದು ‘ದಿ ಆರ್ಟಿಸ್ಟ್’ ಎಂಬ ಮೂಕಿ ಚಿತ್ರಕ್ಕೆ! ಅತ್ಯುತ್ತಮ ನಟ ಪ್ರಶಸ್ತಿ ಪಡೆದ ಮೊದಲ ಫ್ರೆಂಚ್ ನಟ ಅವರು.

2016ರಲ್ಲಿ ಮುಂದುವರಿದ ಭಾಗ ಬಂತು. ಹೆಸರು ‘ಬ್ರೀಸ್ 3’. ಎರಡನೆಯ ಭಾಗ? ಅದನ್ನು ಮಾಡಲೇ ಇಲ್ಲ, ಬ್ರೀಸ್ ಅದನ್ನು ಒಡೆದುಹಾಕಿದನಂತೆ! ಹನ್ನೊಂದು ವರ್ಷದಲ್ಲಿ ಲೋಕ ಬದಲಾಗಿದೆ, ಬ್ರೀಸ್ ಬದಲಾಗಿಲ್ಲ. ಭೂಮಿಯ ಇನ್ನೊಂದು ಬದಿಯಿಂದ ಮಾರಿಯಸ್ ನೆರವಿಗೆ ಕೂಗುತ್ತಾನೆ. ಬ್ರೀಸ್ ನೀಸ್ ಬಿಟ್ಟು ಹೊರಡುತ್ತಾನೆ.