ತೊಟ್ಟಿಯ ಮರಳನ್ನು ತೊಳೆಯುವ ಮುನ್ನ

ನಮ್ಮ ವಾಚನಾಲಯದ ಕಿಟಕಿಯ ಬಳಿಯ ಮೀನಿನ ತೊಟ್ಟಿಯನ್ನು ವಾಚಕರೆಲ್ಲರೂ ಬಲ್ಲರು. ದೇಹೂ ರೋಡಿನ ಮಕ್ಕಳು ಪುಸ್ತಕಕ್ಕಿಂತ ಮೊದಲು ಅದರತ್ತಲೇ ಓಡುತ್ತಾರೆ. ಕಳೆದ ತಿಂಗಳ ಒಂದು ಭಾನುವಾರ ನಾವು ಸ್ವಯಂಸೇವಕರು ಅದರ ಮರಳನ್ನೆಲ್ಲ ತೆಗೆದು, ನಲ್ಲಿಯ ಕೆಳಗಿಟ್ಟು, ಅಕ್ಕಿ ತೊಳೆದಂತೆ ತಿಳಿನೀರು ಬರುವ ತನಕ ತೊಳೆದೆವು. ವಾರದೊಳಗೆ ಒಂಬತ್ತು ಮೀನುಗಳಲ್ಲಿ ಏಳು ಸತ್ತವು. ಮಕ್ಕಳ ಮುಂದೆ ನಮಗೆ ತಲೆಯೆತ್ತಲಾಗಲಿಲ್ಲ. ಅಷ್ಟು ಶುಚಿ ಮಾಡಿಯೂ ಹೀಗೇಕಾಯಿತೆಂದು ಹಲವರು ಕೇಳಿದರು. ಶುಚಿ ಮಾಡಿದ್ದರಿಂದಲೇ ಆಯಿತು.

ಮರಳು ಬರಿಯ ಜರಡಿಯಲ್ಲ. ಅದರ ಕಣಕಣದ ಮೇಲೂ ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳು ಅಂಟಿಕೊಂಡು ಬಾಳುತ್ತವೆ. ಮೀನು ಕಿವಿರುಗಳಿಂದ ಹೊರಬಿಡುವ, ಉಳಿದ ಆಹಾರ ಕೊಳೆತು ಹುಟ್ಟುವ ಅಮೋನಿಯಾ ಮೀನಿಗೇ ವಿಷ. ಒಂದು ಬಗೆಯ ಸೂಕ್ಷ್ಮಾಣು ಅದನ್ನು ನೈಟ್ರೈಟ್ ಆಗಿಸುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಆಗಿಸುತ್ತದೆ. ಇದನ್ನು ಮೀನು ಬಹುಮಟ್ಟಿಗೆ ತಾಳಿಕೊಳ್ಳಬಲ್ಲದು. ಈ ಕೆಲಸಗಾರರನ್ನೇ ನಾವು ನಲ್ಲಿನೀರಿನ ರಭಸಕ್ಕೂ ಕ್ಲೋರಿನ್ನಿಗೂ ಬಲಿಕೊಟ್ಟೆವು. ಅವು ಮತ್ತೆ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು.

ಉಳಿದ ನೈಟ್ರೇಟಿನ ಗತಿಯೇನು? ಭತ್ತದ ಗದ್ದೆ ಕಂಡವರಿಗೆ ಇದು ಬೇಗ ತಿಳಿದೀತು. ನೀರು ನಿಂತ ಗದ್ದೆಗೆ ನೈಟ್ರೇಟ್ ಗೊಬ್ಬರ ಹಾಕಬೇಡಿರೆಂದು ಕೃಷಿ ಬಲ್ಲವರು ಹೇಳುತ್ತಾರೆ. ಗಾಳಿಯಾಡದ ಕೆಸರಿನಲ್ಲಿ ಬೇರೆ ಸೂಕ್ಷ್ಮಾಣುಗಳು ನೈಟ್ರೇಟಿನ ಆಮ್ಲಜನಕವನ್ನು ತಾವು ಬಳಸಿಕೊಂಡು, ಸಾರಜನಕವನ್ನು ಅನಿಲವಾಗಿ ಬಿಟ್ಟುಬಿಡುತ್ತವೆ. ಗೊಬ್ಬರದ ಹಣ ಗಾಳಿಪಾಲು. ರೈತನ ನಷ್ಟವೇ ಮೀನಿನ ಲಾಭ. ನಯವಾದ ಮರಳು ನಾಲ್ಕೈದು ಅಂಗುಲ ದಪ್ಪವಿದ್ದರೆ ತೊಟ್ಟಿಯ ತಳದಲ್ಲೂ ಇದೇ ನಡೆಯುತ್ತದೆ. ಮೊನಾಕೋದಲ್ಲಿ ಜೋಬೇರ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಸಮುದ್ರಜೀವಿಗಳ ತೊಟ್ಟಿಗಳನ್ನು ದಪ್ಪ ಮರಳಿನ ಬಲದಿಂದಲೇ ನಡೆಸಿ ತೋರಿಸಿದರು. ನಮ್ಮದೂ ಹಾಗೆಯೇ ಆಗಲೆಂದು ಮಿತ್ರರೊಬ್ಬರ ಸಲಹೆ. ನಮಗೆ ಒಪ್ಪಿಗೆಯಿಲ್ಲ. ಆಳದ ಮರಳನ್ನು ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಏಳಬಹುದು. ಮಕ್ಕಳ ಕೈಯಂತೂ ಸುಮ್ಮನಿರದು.

ನಮ್ಮ ಮರಳು ಒಂದೂವರೆ ಅಂಗುಲ ಮಾತ್ರ. ಆದುದರಿಂದ ನೈಟ್ರೇಟನ್ನು ನಾವೇ ಹೊರಹಾಕಬೇಕು. ವಾರಕ್ಕೊಮ್ಮೆ, ಪಾಳಿ ಮುಗಿಸಿ ಬಂದವರು, ಕಾಲುಭಾಗ ನೀರನ್ನು ಬದಲಿಸುತ್ತಿದ್ದೇವೆ. ಕ್ಲೋರಿನ್ ಹಾರಿಹೋಗಲೆಂದು ಹೊಸ ನೀರನ್ನು ಹಿಂದಿನ ದಿನವೇ ಬಕೆಟ್ಟಿನಲ್ಲಿ ತೆರೆದಿಡುತ್ತೇವೆ. ಮರಳಿನ ಮೇಲಣ ಕಸವನ್ನಷ್ಟೇ ರಬ್ಬರ್ ಕೊಳವೆಯಿಂದ ಎಳೆಯುತ್ತೇವೆ. ಹೊಸ ಮೀನು ಎಂದು ಬರುವುದೆಂದು ಮಕ್ಕಳು ದಿನವೂ ಕೇಳುತ್ತಾರೆ. ಇನ್ನೂ ಎರಡು ವಾರ ತಡೆಯಬೇಕು. ಅಲ್ಲಿಯವರೆಗೆ ಉಳಿದ ಎರಡಕ್ಕೆ ಯಾರೂ ಬಿಸ್ಕತ್ತಿನ ಚೂರು ಹಾಕಬಾರದಾಗಿ ವಿನಂತಿ.