ಗಾಯ ಮಾಯಲು ಮುಲಾಮೊಂದೇ ಸಾಲದು

ಡ್ರೆಸ್ಸಿಂಗ್ ಮಾಡಿಸಿಕೊಳ್ಳಲು ವಾರಕ್ಕೆ ಎರಡು ಮೂರು ಸಲ ಆಸ್ಪತ್ರೆಗೆ ಅಲೆಯುವವರು ನಿಮ್ಮ ಮನೆಯಲ್ಲೂ ಇರಬಹುದು. ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಹುಣ್ಣಾದವರು, ಉಬ್ಬಿದ ರಕ್ತನಾಳಗಳಿಂದ ಕಣಕಾಲಿನ ಬಳಿ ವ್ರಣವಾದವರು, ಶಸ್ತ್ರಚಿಕಿತ್ಸೆಯ ಗಾಯ ಇನ್ನೂ ಕೂಡದವರು ಡ್ರೆಸ್ಸಿಂಗ್ ಕೋಣೆಯ ಮುಂದೆ ಗಂಟೆಗಟ್ಟಲೆ ಕಾಯುತ್ತಾರೆ. ಹತ್ತು ನಿಮಿಷದ ಕೆಲಸಕ್ಕೆ ಅರ್ಧ ದಿನದ ಕೂಲಿ ಹೋಗುತ್ತದೆ. ಬೇಸತ್ತು ಒಂದು ಸರದಿ ತಪ್ಪಿಸುತ್ತಾರೆ, ಆಮೇಲೆ ಎರಡು. ಎಷ್ಟೋ ಮಂದಿ ಕಾಲು ಕಳೆದುಕೊಳ್ಳುವ ಹಾದಿ ಹಿಡಿಯುವುದು ಹೀಗೆಯೇ.

"ಇದಕ್ಕಿಂತ ಒಳ್ಳೆಯ ಮುಲಾಮು ಇಲ್ಲವೇ?" ಎಂದು ಕೇಳುವವರೇ ಹೆಚ್ಚು. ಆದರೆ ಹುಣ್ಣಿನ ಕಾರಣ ಸಾಮಾನ್ಯವಾಗಿ ಅದರ ಮೇಲ್ಮೈಯಲ್ಲಿ ಇರುವುದಿಲ್ಲ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಡಾ. ಪಾಲ್ ಬ್ರಾಂಡ್, ಕುಷ್ಠರೋಗಿಗಳ ಪಾದದ ಹುಣ್ಣಿಗೆ ಕಾರಣ ಮಾಂಸ ತಾನಾಗಿ ಕೊಳೆಯುವುದಲ್ಲ, ನೋವೇ ತಿಳಿಯದ ಪಾದವನ್ನು ಊರಿ ನಡೆಯುವುದು ಎಂದು ತೋರಿಸಿದರು. ಪ್ಲಾಸ್ಟರ್ ಹಾಕಿ ಹುಣ್ಣಿನ ಮೇಲಿನ ಒತ್ತಡ ತಪ್ಪಿಸಿದಾಗ ಅದು ಮಾಯುತ್ತಿತ್ತು. ಸ್ಪರ್ಶಜ್ಞಾನ ಕಳೆದುಕೊಂಡ ಸಕ್ಕರೆ ಕಾಯಿಲೆಯವರ ಪಾದಕ್ಕೂ ಈ ಮಾತು ಸಲ್ಲುತ್ತದೆ.

ಕಾರಣವನ್ನು ಹುಡುಕಿ ಬೆನ್ನುಹತ್ತಲು ಡ್ರೆಸ್ಸಿಂಗ್ ಕೋಣೆಯಲ್ಲಿ ಅಚ್ಚುಕಟ್ಟು ಬೇಕು. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಮೊದಲನೆಯದು, ವೇಳೆ. ಎಲ್ಲರನ್ನೂ ಬೆಳಿಗ್ಗೆ ಒಂಬತ್ತಕ್ಕೇ ಬರಹೇಳುವ ಬದಲು ಗಂಟೆಗೆ ಇಷ್ಟು ಜನರೆಂದು ಚೀಟಿ ಕೊಟ್ಟರೆ ನೂಕುನುಗ್ಗಲು ತಗ್ಗುತ್ತದೆ. ಶುಭ್ರವಾದ ಗಾಯಗಳಿಗೆ ಮೊದಲು, ಕೀವಿರುವ ಗಾಯಗಳಿಗೆ ಕೊನೆಯಲ್ಲಿ ಡ್ರೆಸ್ಸಿಂಗ್ ಮಾಡಿದರೆ ಸೋಂಕು ಹರಡುವ ಭಯವೂ ಕಡಿಮೆ.

ಎರಡನೆಯದು, ಅಳತೆ. ವಾರಕ್ಕೊಮ್ಮೆ ಗಾಯದ ಉದ್ದ, ಅಗಲ, ಆಳವನ್ನು ಸೆಂಟಿಮೀಟರಿನಲ್ಲಿ ಅಳೆದು ಕಾರ್ಡಿನಲ್ಲಿ ಬರೆಯಬೇಕು. "ಪರವಾಗಿಲ್ಲ" ಎಂಬ ಮಾತು ಅಳತೆಯಾಗದು. ಪಾದದ ಹುಣ್ಣು ನಾಲ್ಕು ವಾರಗಳಲ್ಲಿ ಅರ್ಧದಷ್ಟಾದರೂ ಕಿರಿದಾಗದಿದ್ದರೆ ಅದೇ ಪಟ್ಟಿಯನ್ನು ಕಟ್ಟುತ್ತಾ ಕೂರಬಾರದು. ಕಾಲಿನ ರಕ್ತ ಸಂಚಾರ, ಮೂಳೆಯ ಸೋಂಕು, ಸಕ್ಕರೆಯ ಮಟ್ಟ ಇವನ್ನು ಮತ್ತೆ ಪರೀಕ್ಷಿಸಬೇಕು.

ಮೂರನೆಯದು, ನೋವು. ಅಂಟಿಕೊಂಡ ಬಟ್ಟೆಯನ್ನು ಒಣದಾಗಿ ಕಿತ್ತರೆ ಹೊಸದಾಗಿ ಬೆಳೆದ ಮಾಂಸವೂ ಕಿತ್ತು ಬರುತ್ತದೆ. ಸಲೈನಿನಿಂದ ನೆನೆಸಿ, ನಿಧಾನವಾಗಿ ಬಿಡಿಸಬೇಕು. ತುಂಬಾ ನೋಯುವವರಿಗೆ ಅರ್ಧ ಗಂಟೆ ಮುಂಚೆ ಮಾತ್ರೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಒಂದು ಪರದೆ ಎಳೆದರೆ ರೋಗಿಯ ಮಾನವೂ ಉಳಿಯುತ್ತದೆ.

ನಾಲ್ಕನೆಯದು, ಶುಚಿತ್ವ. ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವ ಮುನ್ನ ಕೈ ತೊಳೆಯಲೇಬೇಕು. ಬಿಚ್ಚಿದ ಕೊಳೆ ಪಟ್ಟಿಗಳು ಹಳದಿ ಚೀಲಕ್ಕೆ ಹೋಗಬೇಕೆಂಬುದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ.

ಇನ್ನು ನಿಮ್ಮ ಪಾಲಿನದು. ಹಳೆಯ ಚೀಟಿಗಳು, ಸಕ್ಕರೆ ಪರೀಕ್ಷೆಯ ವರದಿ, ನುಂಗುವ ಮಾತ್ರೆಗಳು ಇವನ್ನೆಲ್ಲ ಒಂದೇ ಚೀಲದಲ್ಲಿ ಒಯ್ಯಿರಿ. ಡ್ರೆಸ್ಸಿಂಗ್ ಬಿಚ್ಚಿದಾಗ ಮೊಬೈಲಿನಲ್ಲಿ ಗಾಯದ ಚಿತ್ರ ತೆಗೆದಿಟ್ಟುಕೊಳ್ಳಿ. ವೈದ್ಯರು ಬದಲಾದರೂ ಗಾಯದ ಚರಿತ್ರೆ ಉಳಿಯುತ್ತದೆ. ಇನ್ಸುಲಿನ್ ಚುಚ್ಚಿಕೊಂಡು ಖಾಲಿ ಹೊಟ್ಟೆಯಲ್ಲಿ ಸರದಿ ಕಾಯಬೇಡಿ, ಸಕ್ಕರೆ ಕುಸಿದು ತಲೆಸುತ್ತು ಬಂದೀತು. ತಿಂಡಿ ಮುಗಿಸಿಯೇ ಹೊರಡಿ. ಮನೆಯಲ್ಲಿ ಅರಿಸಿನ, ಕಾಫಿಪುಡಿ, ಸುಣ್ಣ ಮೆತ್ತಬೇಡಿ. ಪಾದದ ಹುಣ್ಣಿದ್ದವರು ಮನೆಯೊಳಗೂ ಬರಿಗಾಲಲ್ಲಿ ಓಡಾಡಕೂಡದು.

ಗಾಯದ ಸುತ್ತ ಕೆಂಪು ಹರಡಿದರೆ, ದುರ್ವಾಸನೆ ಬಂದರೆ, ಬೆರಳು ಕಪ್ಪಾದರೆ, ಚಳಿಜ್ವರ ಕಾಣಿಸಿದರೆ ಮುಂದಿನ ಸರದಿಗೆ ಕಾಯಬೇಡಿ. ಅಂದೇ ಆಸ್ಪತ್ರೆಗೆ ಹೋಗಿ.

ಮುಂದಿನ ಸಲ ಡ್ರೆಸ್ಸಿಂಗಿಗೆ ಹೋದಾಗ "ಕಳೆದ ವಾರಕ್ಕಿಂತ ಎಷ್ಟು ಕಿರಿದಾಗಿದೆ?" ಎಂದು ಕೇಳಿ. ಇದನ್ನು ಕೇಳಲು ಸಂಕೋಚ ಬೇಡ. ಕೇಳುವ ರೋಗಿಯಿದ್ದರೆ ಅಳೆಯುವ ಅಭ್ಯಾಸವೂ ಬೆಳೆಯುತ್ತದೆ.